ಮಂಡಿ ನೋವಿನ ಮಾತ್ರೆಗಳನ್ನು ನಾನು ಜೋಡಿಸಿಕೊಂಡ ಬಗೆ

ನನ್ನ ಎರಡೂ ಮಂಡಿ ಸವೆದಿವೆ, ಬಲಗಡೆಯದು ಜಾಸ್ತಿ. ಜೊತೆಗೆ ಬಿಪಿ ಇದೆ. ಸೋಮವಾರಪೇಟೆ ಕಡೆ ನಮ್ಮದೊಂದು ಸಣ್ಣ ಕಾಫಿ ತೋಟ, ಮರಗಳಿಗೆ ಮೆಣಸಿನ ಬಳ್ಳಿ ಹಬ್ಬಿಸಿದ್ದೇವೆ. ಫಾರ್ಮಸಿ ಡಿಪ್ಲೊಮಾ ಮಾಡಿ ವರ್ಷಗಟ್ಟಲೆ ಮೆಡಿಕಲ್ ಶಾಪಿನ ಕೌಂಟರಿನ ಹಿಂದೆ ನಿಂತವಳು ನಾನು. ನೋವಿನ ಮಾತ್ರೆ ಕೊಡುವ ಕಡೆಯೂ ಗೊತ್ತು, ನುಂಗುವ ಕಡೆಯೂ ಗೊತ್ತು. ಜನ ಕೇಳುವುದು ಒಂದೇ ಪ್ರಶ್ನೆ: "ಅಕ್ಕಾ, ಈ ಮಾತ್ರೆ ಒಳ್ಳೇದಾ?" ಬಿಡಿಯಾಗಿ ಕೇಳಿದರೆ ಇದಕ್ಕೆ ಉತ್ತರ ಇಲ್ಲ. ಆ ಮಾತ್ರೆ ನಿಮ್ಮ ಮೈಯಲ್ಲಿ ಇನ್ಯಾವ ಮಾತ್ರೆಯ ಜೊತೆ ಸೇರುತ್ತದೆ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇಲ್ಲಿ ಬರೆದಿರುವುದೆಲ್ಲ ನನ್ನ ಡಾಕ್ಟರ ಜೊತೆ ಕೂತು, ರಕ್ತ ಪರೀಕ್ಷೆಯ ರಿಪೋರ್ಟ್ ಮುಂದಿಟ್ಟುಕೊಂಡು ತೀರ್ಮಾನ ಮಾಡಿದ್ದು. ನಿಮ್ಮ ಕಿಡ್ನಿ ಬೇರೆ, ನಿಮ್ಮ ಬಿಪಿ ಬೇರೆ. ನನ್ನ ಮಾತ್ರೆಗಳ ಹೆಸರನ್ನು ನೋಡಿ ತಂದು ನುಂಗಬೇಡಿ. ಜೋಡಿಸುವಾಗ ನಾವು ಏನೇನು ನೋಡಿದೆವು ಅನ್ನುವುದನ್ನು ತೆಗೆದುಕೊಳ್ಳಿ, ನಿಮ್ಮ ಡಾಕ್ಟರ ಹತ್ತಿರ ಹೋಗುವಾಗ ಕೇಳಲಿಕ್ಕೆ ಬರುತ್ತದೆ.

ನಮ್ಮ ಕಡೆ ಸಮತಟ್ಟು ನೆಲ ಅಂದರೆ ಕಾಫಿ ಒಣಗಿಸುವ ಕಣ ಮಾತ್ರ. ಮನೆಯಿಂದ ತೋಟಕ್ಕೆ ಇಳಿಜಾರು, ತೋಟದಿಂದ ಮನೆಗೆ ಏರು. ನವೆಂಬರಿಂದ ಅರೇಬಿಕಾ ಕೊಯ್ಲು, ಅದು ಮುಗಿಯುವ ಹೊತ್ತಿಗೆ ರೋಬಸ್ಟಾ, ಅದರ ಹಿಂದೆಯೇ ಮೆಣಸು. ಆ ತಿಂಗಳುಗಳಲ್ಲಿ ಮಂಡಿ ನೋವು ಅಂತ ಕೂರಲಿಕ್ಕೆ ಆಗುವುದಿಲ್ಲ. ಹಾಗಾಗಿ ಇಲ್ಲಿ ಜನ ನೋವಿನ ಮಾತ್ರೆಯನ್ನು ಕಾಫಿ ಕುಡಿದಷ್ಟು ಸಲೀಸಾಗಿ ತೆಗೆದುಕೊಳ್ಳುತ್ತಾರೆ. ಮೂಳೆ ಡಾಕ್ಟರನ್ನು ನೋಡಲು ಮೈಸೂರಿಗೆ ಹೋಗುತ್ತಾರೆ, ಬಿಪಿ ಶುಗರಿಗೆ ಮಡಿಕೇರಿಯಲ್ಲಿ ತೋರಿಸುತ್ತಾರೆ, ನೆಗಡಿಗೆ ಊರಿನ ಕ್ಲಿನಿಕ್ಕು, ಮಧ್ಯೆ ನೋವು ಜಾಸ್ತಿಯಾದಾಗ ಯಾವ ಚೀಟಿಯೂ ಇಲ್ಲದೆ ನಮ್ಮಂಥ ಮೆಡಿಕಲ್ ಶಾಪು. ನಾಲ್ಕು ಕಡೆಯ ಮಾತ್ರೆ ಒಂದೇ ಪ್ಲಾಸ್ಟಿಕ್ ಕವರಿನಲ್ಲಿ ಸೇರುತ್ತದೆ. ಅಷ್ಟನ್ನೂ ಒಟ್ಟಿಗೆ ನೋಡಿದವರು ಯಾರೂ ಇರುವುದಿಲ್ಲ.

ಅದಕ್ಕೇ ನಾನು ಮೊದಲು ಮಾಡಿದ ಕೆಲಸ, ಮನೆಯಲ್ಲಿದ್ದ ನನ್ನ ಎಲ್ಲಾ ಮದ್ದನ್ನೂ ಊಟದ ಮೇಜಿನ ಮೇಲೆ ಸುರಿದದ್ದು. ಮಾತ್ರೆ ಮಾತ್ರ ಅಲ್ಲ, ಹಚ್ಚುವ ಜೆಲ್, ನೆಗಡಿ ಮಾತ್ರೆ, ಗ್ಯಾಸ್ ಮಾತ್ರೆ, ಕಷಾಯದ ಪುಡಿ, ಎಣ್ಣೆ, ಎಲ್ಲವೂ. ಒಂದು ಹಾಳೆ ತೆಗೆದುಕೊಂಡು ಒಂದೊಂದರ ಹಿಂದೆ ಸಣ್ಣ ಅಕ್ಷರದಲ್ಲಿ ಇರುವ ಔಷಧದ ಹೆಸರು ಮತ್ತು ಮಿಲಿಗ್ರಾಂ ಬರೆದೆ. ದೊಡ್ಡ ಅಕ್ಷರದಲ್ಲಿರುವುದು ಕಂಪನಿ ಇಟ್ಟ ಹೆಸರು. ಅದು ನಿಮಗೆ ಏನೂ ಹೇಳುವುದಿಲ್ಲ. ಕಣ್ಣು ಮಂಜಾಗಿದ್ದರೆ ಮೊಬೈಲಿನಲ್ಲಿ ಫೋಟೋ ತೆಗೆದು ದೊಡ್ಡದು ಮಾಡಿ ನೋಡಿ, ಇಲ್ಲವೇ ಮಕ್ಕಳಿಗೆ ಹೇಳಿ.

ಹೀಗೆ ಬರೆದರೆ ಮೊದಲು ಕಾಣುವುದು ಪ್ಯಾರಾಸಿಟಮಾಲ್. ಅದು ಎಲ್ಲೆಲ್ಲೂ ಇದೆ. ಕೌಂಟರಿನಲ್ಲಿ ನಾನು ಮತ್ತೆ ಮತ್ತೆ ನೋಡಿದ ಲೆಕ್ಕ ಒಂದನ್ನು ಹೇಳುತ್ತೇನೆ. ಒಬ್ಬರು ದಿನಕ್ಕೆ ಮೂರು ಡೋಲೋ 650 ತೆಗೆದುಕೊಳ್ಳುತ್ತಾರೆ, ಒಂದೊಂದರಲ್ಲಿ 650 ಮಿಲಿಗ್ರಾಂ ಪ್ಯಾರಾಸಿಟಮಾಲ್, ಅಲ್ಲಿಗೆ 1950 ಮಿಲಿಗ್ರಾಂ. ಮೂಳೆ ಡಾಕ್ಟರು ಅಸಿಕ್ಲೋಫೆನಾಕ್ ಜೊತೆ ಪ್ಯಾರಾಸಿಟಮಾಲ್ ಇರುವ ಮಾತ್ರೆ ಬೆಳಗ್ಗೆ ರಾತ್ರಿ ಕೊಟ್ಟಿದ್ದಾರೆ, ಒಂದೊಂದರಲ್ಲಿ 325, ಅಲ್ಲಿಗೆ 2600. ನೋವು ತಡೆಯದೆ ಟ್ರಮಡಾಲ್ ಅನ್ನುವ ಜೋರು ನೋವಿನ ಔಷಧ ಮತ್ತು ಪ್ಯಾರಾಸಿಟಮಾಲ್ ಸೇರಿದ್ದನ್ನು ಎರಡು ತೆಗೆದುಕೊಂಡರು, ಅದರಲ್ಲೂ 325, ಅಲ್ಲಿಗೆ 3250. ಮಳೆಗೆ ನೆನೆದು ನೆಗಡಿಯಾಯಿತು, ನೆಗಡಿ ಮಾತ್ರೆಯಲ್ಲಿ 500, ದಿನಕ್ಕೆ ಎರಡು. ಒಟ್ಟು 4250. ದೊಡ್ಡವರಿಗೆ ದಿನಕ್ಕೆ 4000 ಮಿಲಿಗ್ರಾಂ ಅಂದರೆ 4 ಗ್ರಾಂ ಕೊನೆಯ ಗಡಿ. ಅದನ್ನು ದಾಟಿದರೆ ಲಿವರಿಗೆ ಪೆಟ್ಟು. ಆದರೆ ಆ ಮನುಷ್ಯನನ್ನು ಕೇಳಿದರೆ "ನಾನು ದಿನಕ್ಕೆ ಮೂರೇ ಡೋಲೋ ತಗೊಳ್ಳೋದು ಅಕ್ಕಾ" ಅನ್ನುತ್ತಾರೆ. ಅವರು ಸುಳ್ಳು ಹೇಳುತ್ತಿಲ್ಲ. ಅವರಿಗೆ ಉಳಿದ ಮಾತ್ರೆಗಳ ಒಳಗೂ ಅದೇ ಇದೆ ಅಂತ ಯಾರೂ ಹೇಳಿಲ್ಲ ಅಷ್ಟೇ.

ನನಗೆ ಡಾಕ್ಟರು ಹಾಕಿದ ಗಡಿ 3 ಗ್ರಾಂ, ವಯಸ್ಸಾದವರಿಗೆ ಸಾಮಾನ್ಯವಾಗಿ ಅಷ್ಟೇ ಹೇಳುತ್ತಾರೆ. ತೂಕ 50 ಕಿಲೋಗಿಂತ ಕಡಿಮೆ ಇದ್ದರೆ, ಲಿವರ್ ತೊಂದರೆ ಇದ್ದರೆ, ದಿನಾ ಕುಡಿಯುವ ಅಭ್ಯಾಸ ಇದ್ದರೆ ಇನ್ನೂ ಇಳಿಸಬೇಕು, ಕೆಲವರಿಗೆ 2 ಗ್ರಾಂ ದಾಟಬಾರದು. ಕುಡಿತದ ವಿಷಯವನ್ನು ಡಾಕ್ಟರ ಹತ್ತಿರ ಮುಚ್ಚಿಡಬೇಡಿ. ನಮ್ಮ ಜಿಲ್ಲೆಯಲ್ಲಿ ಮದುವೆ, ಹಬ್ಬ, ನೆಂಟರ ಮನೆ, ಎಲ್ಲಿ ಹೋದರೂ ಗ್ಲಾಸು ಕೈಗೆ ಬರುತ್ತದೆ, ಅದರಲ್ಲಿ ನಾಚಿಕೆಪಡುವಂಥದ್ದು ಏನಿಲ್ಲ, ಆದರೆ ಮಾತ್ರೆಯ ಲೆಕ್ಕ ಹಾಕುವವರಿಗೆ ಅದು ಗೊತ್ತಿರಬೇಕು.

ಅದೇ ಹಾಳೆಯಲ್ಲಿ ಎರಡನೆಯ ಗುಂಪು ಮಾಡಿದೆ. ಐಬುಪ್ರೊಫೆನ್, ಡೈಕ್ಲೋಫೆನಾಕ್, ಅಸಿಕ್ಲೋಫೆನಾಕ್, ನ್ಯಾಪ್ರಾಕ್ಸೆನ್, ಎಟೋರಿಕಾಕ್ಸಿಬ್, ನಿಮೆಸುಲೈಡ್, ಪಿರಾಕ್ಸಿಕಾಮ್, ಇಂಡೊಮೆಥಾಸಿನ್. ಡಾಕ್ಟರುಗಳು ಇವನ್ನೆಲ್ಲ ಸೇರಿಸಿ ಎನ್ಸೇಡ್ ಅನ್ನುತ್ತಾರೆ. ಇವೆಲ್ಲ ಒಂದೇ ಮನೆತನ, ಕೆಲಸ ಮಾಡುವ ಜಾಗವೂ ಒಂದೇ. ಅದಕ್ಕೆ ನನ್ನ ಹಾಳೆಯಲ್ಲಿ ಕೆಂಪು ಶಾಯಿಯಲ್ಲಿ ಬರೆದಿರುವುದು ಇದು: ಈ ಗುಂಪಿನಿಂದ ಒಂದು ಸಲಕ್ಕೆ ಒಂದೇ ಔಷಧ, ಅದು ನಡೆಯುವಾಗ ಇನ್ನೊಂದು ಬೇಡ. ಎರಡನ್ನು ಒಟ್ಟಿಗೆ ತೆಗೆದುಕೊಂಡರೆ ತುಂಬಿದ ಕೊಡಕ್ಕೆ ಮತ್ತೆ ನೀರು ಹೊಯ್ದ ಹಾಗೆ, ನೋವು ಇನ್ನಷ್ಟು ಇಳಿಯುವುದಿಲ್ಲ, ಹೊಟ್ಟೆಗೂ ಕಿಡ್ನಿಗೂ ಆಗುವ ಹಾನಿ ಮಾತ್ರ ಏರುತ್ತದೆ. ಇಂಜೆಕ್ಷನ್ನೂ ಲೆಕ್ಕಕ್ಕೆ ಬರುತ್ತದೆ. ಬೆಳಗ್ಗೆ ಮನೆಯಲ್ಲಿ ಅಸಿಕ್ಲೋಫೆನಾಕ್ ನುಂಗಿ, ಸಂಜೆ ಕ್ಲಿನಿಕ್ಕಿಗೆ ಹೋಗಿ ಡೈಕ್ಲೋಫೆನಾಕ್ ಇಂಜೆಕ್ಷನ್ ಚುಚ್ಚಿಸಿಕೊಂಡು, ರಾತ್ರಿ ಅಲ್ಲಿ ಕೊಟ್ಟ ಇನ್ನೊಂದು ಮಾತ್ರೆ ನುಂಗುವವರನ್ನು ನಾನು ಬಹಳ ನೋಡಿದ್ದೇನೆ. ಕ್ಲಿನಿಕ್ಕಿನಲ್ಲಿ ಕೇಳದಿದ್ದರೂ ನಾವೇ ಹೇಳಬೇಕು, "ಬೆಳಗ್ಗೆ ಇದು ತಗೊಂಡಿದ್ದೀನಿ ಡಾಕ್ಟ್ರೇ" ಅಂತ.

ಇವು ಯಾಕೆ ಹೀಗೆ? ನೋವು, ಊತ ತರುವ ಒಂದು ರಾಸಾಯನಿಕ ನಮ್ಮ ಮೈಯಲ್ಲಿ ಹುಟ್ಟುತ್ತದೆ, ಪ್ರೊಸ್ಟಗ್ಲಾಂಡಿನ್ ಅಂತ. ಎನ್ಸೇಡ್ ಅದನ್ನು ತಡೆಯುತ್ತದೆ. ಆದರೆ ಅದೇ ರಾಸಾಯನಿಕ ಹೊಟ್ಟೆಯ ಒಳಪದರವನ್ನು ಕಾಯುತ್ತಿರುತ್ತದೆ, ಕಿಡ್ನಿಗೆ ರಕ್ತ ಹರಿಯುವುದನ್ನೂ ನೋಡಿಕೊಳ್ಳುತ್ತಿರುತ್ತದೆ. ಮಂಡಿಯಲ್ಲಿ ತಡೆದರೆ ಅಲ್ಲಿಯೂ ತಡೆದ ಹಾಗೇ ಆಯಿತು. ರಣಹದ್ದುಗಳ ಕಥೆ ನಿಮಗೆ ಗೊತ್ತಿರಬಹುದು. ದನಗಳಿಗೆ ಡೈಕ್ಲೋಫೆನಾಕ್ ಕೊಡುತ್ತಿದ್ದರು, ಆ ದನ ಸತ್ತ ಮೇಲೆ ತಿಂದ ಹದ್ದುಗಳ ಕಿಡ್ನಿ ನಿಂತು ಹೋಗಿ ದೇಶದಲ್ಲಿ ಅವುಗಳ ಸಂತತಿ ಬಹುಪಾಲು ಅಳಿಯಿತು. 2006ರಲ್ಲಿ ಸರ್ಕಾರ ದನಗಳ ಚಿಕಿತ್ಸೆಗೆ ಅದನ್ನು ನಿಷೇಧ ಮಾಡಿತು. ಹದ್ದಿನ ಮೈ ಬೇರೆ, ನಮ್ಮ ಮೈ ಬೇರೆ ಅನ್ನುವುದು ನಿಜ. ಆದರೂ ಈ ಔಷಧ ಕಿಡ್ನಿಯನ್ನು ಎಷ್ಟು ಜೋರಾಗಿ ಹಿಡಿಯಬಲ್ಲದು ಅನ್ನುವುದನ್ನು ನನಗೆ ಮನಸ್ಸಿಗೆ ನಾಟಿಸಿದ್ದು ಅದು.

ಈಗ ನನ್ನ ಬಿಪಿಗೆ ಬರುತ್ತೇನೆ. ಇದು ಬಹಳ ಮುಖ್ಯ, ಯಾಕೆಂದರೆ ಮಂಡಿ ಸವೆಯುವ ವಯಸ್ಸಿಗೆ ನಮ್ಮಲ್ಲಿ ಹೆಚ್ಚಿನವರಿಗೆ ಬಿಪಿ ಬಂದೇ ಇರುತ್ತದೆ. ನಾನು ತೆಗೆದುಕೊಳ್ಳುತ್ತಿದ್ದದ್ದು ಟೆಲ್ಮಿಸಾರ್ಟನ್ ಮತ್ತು ಹೈಡ್ರೊಕ್ಲೋರೊಥಯಜೈಡ್ ಸೇರಿದ ಮಾತ್ರೆ, ಅಂದರೆ ಬಿಪಿ ಔಷಧ ಜೊತೆಗೆ ನೀರಿನ ಮಾತ್ರೆ. ಕಿಡ್ನಿಗೆ ರಕ್ತ ಒಳಗೆ ಬರುವ ಸಣ್ಣ ನಾಳವನ್ನು ಎನ್ಸೇಡ್ ಕಿರಿದು ಮಾಡುತ್ತದೆ. ಹೊರಗೆ ಹೋಗುವ ನಾಳವನ್ನು ಟೆಲ್ಮಿಸಾರ್ಟನ್ ಸಡಿಲ ಮಾಡುತ್ತದೆ. ನೀರಿನ ಮಾತ್ರೆ ಮೈಯ ನೀರನ್ನೇ ಕಡಿಮೆ ಮಾಡುತ್ತದೆ. ಮೂರೂ ಸೇರಿದರೆ ಕಿಡ್ನಿಯಲ್ಲಿ ರಕ್ತ ಸೋಸಲಿಕ್ಕೆ ಬೇಕಾದ ಒತ್ತಡವೇ ಉಳಿಯುವುದಿಲ್ಲ. ಅದರ ಮೇಲೆ ಒಂದು ದಿನ ಭೇದಿ ಅಥವಾ ವಾಂತಿ ಆದರಂತೂ ಕಿಡ್ನಿ ಇದ್ದಕ್ಕಿದ್ದ ಹಾಗೆ ಕೈಕೊಡಬಹುದು. ಟೆಲ್ಮಿಸಾರ್ಟನ್ ಅಂತಲ್ಲ, ಲೋಸಾರ್ಟನ್, ಓಲ್ಮೆಸಾರ್ಟನ್, ಎನಲಾಪ್ರಿಲ್, ರಾಮಿಪ್ರಿಲ್ ಎಲ್ಲಕ್ಕೂ ಇದೇ ಮಾತು. ಎನ್ಸೇಡ್ ಬಿಪಿಯನ್ನು ಏರಿಸುವುದೂ ಇದೆ, ಎಷ್ಟೋ ಜನರಿಗೆ ಬಿಪಿ ಮಾತ್ರೆ ಕೆಲಸ ಮಾಡುತ್ತಿಲ್ಲ ಅಂತ ಡೋಸು ಏರಿಸುತ್ತಾ ಹೋಗುತ್ತಾರೆ, ನೋವಿನ ಮಾತ್ರೆಯ ಸುದ್ದಿಯನ್ನೇ ಯಾರೂ ಎತ್ತಿರುವುದಿಲ್ಲ.

ಹಾಳೆ ನೋಡಿದ ಡಾಕ್ಟರು ಮೊದಲು ಕಿಡ್ನಿ ಹೇಗಿದೆ ಅಂತ ನೋಡಲು ಕ್ರಿಯಾಟಿನಿನ್, ಪೊಟ್ಯಾಸಿಯಂ ಅನ್ನುವ ರಕ್ತ ಪರೀಕ್ಷೆ ಬರೆದುಕೊಟ್ಟರು. ರಿಪೋರ್ಟ್ ಚೆನ್ನಾಗಿತ್ತು. ಆದರೂ ಕೊಯ್ಲಿನಲ್ಲಿ ನನಗೆ ಕೆಲವು ದಿನವಾದರೂ ಎನ್ಸೇಡ್ ಬೇಕಾಗುತ್ತದೆ ಅಂತ ಗೊತ್ತಾದ ಮೇಲೆ, ನೀರಿನ ಮಾತ್ರೆ ತೆಗೆದು ಅದರ ಬದಲು ಅಮ್ಲೋಡಿಪಿನ್ ಕೊಟ್ಟರು. ಬಿಪಿ ಮಾತ್ರೆಯನ್ನು ನಾನೇ ಬಿಟ್ಟದ್ದಲ್ಲ, ಅವರು ಬದಲಿಸಿದ್ದು. ಇದನ್ನು ಒತ್ತಿ ಹೇಳುತ್ತೇನೆ, ಯಾಕೆಂದರೆ ಇದನ್ನು ಓದಿ ಯಾರೂ ಬಿಪಿ ಮಾತ್ರೆ ನಿಲ್ಲಿಸಬಾರದು. ಅಮ್ಲೋಡಿಪಿನ್ ಕೆಲವರಿಗೆ ಕಾಲಿನ ಮಣಿಕಟ್ಟು ಊದಿಸುತ್ತದೆ. ಅದನ್ನು ವಾತದ ಊತ ಅಂದುಕೊಂಡು ಅದಕ್ಕೂ ಒಂದು ನೋವಿನ ಮಾತ್ರೆ ಸೇರಿಸುವವರಿದ್ದಾರೆ.

ಇನ್ನು ನನ್ನ ದಿನ ಹೇಗೆ ನಡೆಯುತ್ತದೆ ಅಂತ ಹೇಳುತ್ತೇನೆ.

ಮೊದಲ ಮೆಟ್ಟಿಲು ಜೆಲ್. ಡೈಕ್ಲೋಫೆನಾಕ್ ಜೆಲ್ ಮಂಡಿಗೆ, ಕೈಬೆರಳಿಗೆ ಚೆನ್ನಾಗಿ ಕೆಲಸ ಮಾಡುತ್ತದೆ, ಯಾಕೆಂದರೆ ಅಲ್ಲಿ ಕೀಲು ಚರ್ಮಕ್ಕೆ ಹತ್ತಿರ. ಸೊಂಟದ ಕೀಲಿಗೆ ಅಷ್ಟು ಪ್ರಯೋಜನ ಇಲ್ಲ, ಅದು ಆಳದಲ್ಲಿದೆ. ಮಾತ್ರೆ ನುಂಗಿದಾಗ ರಕ್ತಕ್ಕೆ ಸೇರುವುದಕ್ಕೆ ಹೋಲಿಸಿದರೆ ಜೆಲ್‌ನಿಂದ ಸೇರುವುದು ನೂರಕ್ಕೆ ಸುಮಾರು ಆರು ಪಾಲು ಮಾತ್ರ. ಆದರೆ ಜನ ಕಡಲೆಕಾಳಿನಷ್ಟು ಹಚ್ಚಿ ಕೆಲಸ ಮಾಡಲಿಲ್ಲ ಅನ್ನುತ್ತಾರೆ. ಒಂದು ಮಂಡಿಗೆ 2ರಿಂದ 4 ಗ್ರಾಂ ಬೇಕು, ದಿನಕ್ಕೆ 3 ಅಥವಾ 4 ಸಲ. 30 ಗ್ರಾಮಿನ ಟ್ಯೂಬು ಹೀಗೆ ಹಚ್ಚಿದರೆ ಬೇಗ ಖಾಲಿಯಾಗುತ್ತದೆ, ಖರ್ಚು ಜಾಸ್ತಿಯೇ. ಅದಕ್ಕೆ ನಾನು ಜಾಸ್ತಿ ನೋಯುವ ಬಲಮಂಡಿಗೆ ಮಾತ್ರ ಸರಿಯಾದ ಅಳತೆಯಲ್ಲಿ ಹಚ್ಚುತ್ತೇನೆ, ಎರಡಕ್ಕೂ ಅರೆಬರೆ ಹಚ್ಚುವುದಿಲ್ಲ. ಹಚ್ಚಿದ ಮೇಲೆ ಬಿಸಿನೀರಿನ ಚೀಲ ಇಡಬಾರದು, ಒಲೆ ಮುಂದೆ ಕೂತು ಕಾಲು ಕಾಯಿಸಬಾರದು, ಕೈ ತೊಳೆಯದೆ ಕಣ್ಣು ಉಜ್ಜಬಾರದು. ನಮ್ಮಲ್ಲಿ ಸಿಗುವ ಎಷ್ಟೋ ಜೆಲ್‌ಗಳಲ್ಲಿ ಮೀಥೈಲ್ ಸ್ಯಾಲಿಸಿಲೇಟ್ ಕೂಡ ಇರುತ್ತದೆ, ಆ ಗಾಢ ವಾಸನೆ ಅದರದ್ದೇ. ರಕ್ತ ತೆಳು ಮಾಡುವ ವಾರ್ಫರಿನ್ ತೆಗೆದುಕೊಳ್ಳುವವರು ಅದನ್ನು ಡಾಕ್ಟರಿಗೆ ತೋರಿಸದೆ ಹಚ್ಚಬಾರದು, ರಕ್ತಸ್ರಾವ ಆಗುವ ಸಾಧ್ಯತೆ ಏರುತ್ತದೆ.

ಎರಡನೆಯದು ಪ್ಯಾರಾಸಿಟಮಾಲ್ 650. ನಿಜ ಹೇಳಬೇಕೆಂದರೆ ಸವೆದ ಮಂಡಿಗೆ ಅದರ ಕೆಲಸ ಸಾಧಾರಣ. ಆದರೆ ಹೊಟ್ಟೆ, ಕಿಡ್ನಿಗೆ ಹಿಂಸೆ ಕಡಿಮೆ, ಬಿಪಿ ಮಾತ್ರೆಯ ಜೊತೆಗೂ ಹೊಂದಿಕೊಳ್ಳುತ್ತದೆ. ನಾನು ನೋವು ಏರಿದ ಮೇಲೆ ಹುಡುಕುವುದಿಲ್ಲ, ತೋಟದ ಇಳಿಜಾರು ಇಳಿಯುವ ದಿನ ಮುಕ್ಕಾಲು ಗಂಟೆ ಮುಂಚೆ ಒಂದು ತೆಗೆದುಕೊಳ್ಳುತ್ತೇನೆ. ಮತ್ತೊಂದು ಬೇಕಾದರೆ ಆರು ಗಂಟೆ ಬಿಟ್ಟು. ಮನೆಯಲ್ಲಿ ಕೂರುವ ದಿನ ತೆಗೆದುಕೊಳ್ಳುವುದೇ ಇಲ್ಲ. ಸುಮ್ನೆ ಅಭ್ಯಾಸಕ್ಕೆ ನುಂಗುವ ಮಾತ್ರೆ ನನ್ನ ಹಾಳೆಯಲ್ಲಿ ಒಂದೂ ಇಲ್ಲ.

ಮೂರನೆಯದು ಎನ್ಸೇಡ್, ಅದು ಕೊಯ್ಲು ಜೋರಾಗಿ ಮಂಡಿ ಊದಿಕೊಂಡ ದಿನಗಳಿಗೆ ಮಾತ್ರ. ಪ್ಯಾರಾಸಿಟಮಾಲ್ ಜೊತೆ ಎನ್ಸೇಡ್ ತೆಗೆದುಕೊಳ್ಳಬಹುದು, ಅವೆರಡರ ದಾರಿ ಬೇರೆ ಬೇರೆ. ಎರಡೂ ಸೇರಿದಾಗ ಎನ್ಸೇಡ್ ಕಡಿಮೆ ಡೋಸಿನಲ್ಲೇ ಸಾಕಾಗುತ್ತದೆ ಅನ್ನುವುದು ನನ್ನ ಅನುಭವ. ಡಾಕ್ಟರು ನನಗೆ ಆರಿಸಿದ್ದು ನ್ಯಾಪ್ರಾಕ್ಸೆನ್ 250, ಊಟ ಆದ ಮೇಲೆ. ಎಟೋರಿಕಾಕ್ಸಿಬ್ ಹೊಟ್ಟೆಗೆ ಮೃದು ಅಂತ ಬಹಳ ಜನ ಕೇಳಿ ತೆಗೆದುಕೊಳ್ಳುತ್ತಾರೆ, ಆದರೆ ಬಿಪಿ ಹತೋಟಿಯಲ್ಲಿ ಇಲ್ಲದವರಿಗೆ ಅದನ್ನು ಕೊಡಬಾರದು. ಆ ಜಾತಿಯ ರೋಫೆಕಾಕ್ಸಿಬ್ ಅನ್ನುವ ಔಷಧ 2004ರಲ್ಲಿ ಹೃದಯಾಘಾತ, ಲಕ್ವ ಜಾಸ್ತಿ ಮಾಡುತ್ತದೆ ಅಂತ ಗೊತ್ತಾಗಿ ಜಗತ್ತಿನ ಮಾರುಕಟ್ಟೆಯಿಂದಲೇ ಹೊರಗೆ ಹೋಯಿತು. ಎನ್ಸೇಡ್ ತೆಗೆದುಕೊಳ್ಳುವ ದಿನ ನಾನು ಡೈಕ್ಲೋಫೆನಾಕ್ ಜೆಲ್ ಹಚ್ಚುವುದಿಲ್ಲ, ಅದೇ ಮನೆತನ ತಾನೇ. ಆ ದಿನ ಬಿಸಿನೀರಿನ ಶಾಖ ಮಾತ್ರ.

ಇನ್ನೊಂದು ಎಚ್ಚರ. ಮಾತ್ರೆಯ ಹೆಸರಿನ ಬಾಲ ನೋಡಿ. ನೋವಿನ ಮಾತ್ರೆಯ ಹೆಸರಿನ ಕೊನೆಗೆ 'ಪಿ' ಇದ್ದರೆ ಹೆಚ್ಚಾಗಿ ಪ್ಯಾರಾಸಿಟಮಾಲ್ ಸೇರಿದೆ ಅಂತ. 'ಎಮ್ಆರ್' ಇದ್ದರೆ ಸ್ನಾಯು ಸಡಿಲಿಸುವ ಔಷಧ ಸೇರಿದೆ ಅಂತ, ಅದು ತೂಕಡಿಕೆ ತರುತ್ತದೆ. ನಾನು ಡಾಕ್ಟರ ಹತ್ತಿರ ಕೇಳಿಕೊಂಡದ್ದು ಒಂದೇ, ಎಲ್ಲವೂ ಒಂಟಿ ಮಾತ್ರೆಯಾಗಿ ಬರೆದುಕೊಡಿ ಅಂತ. ಕೂಡಿಸಿದ ಮಾತ್ರೆಯಲ್ಲಿ ಒಂದನ್ನು ನಿಲ್ಲಿಸಬೇಕಾದರೆ ಎರಡೂ ನಿಲ್ಲುತ್ತದೆ, ಒಂದನ್ನು ಏರಿಸಿದರೆ ಎರಡೂ ಏರುತ್ತದೆ.

ಗ್ಯಾಸ್ ಮಾತ್ರೆಯ ಬಗ್ಗೆ ಜನರಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿದೆ, ಅದನ್ನು ನುಂಗಿದರೆ ಮೇಲೆ ಯಾವ ನೋವಿನ ಮಾತ್ರೆ ಎಷ್ಟು ನುಂಗಿದರೂ ನಡೆಯುತ್ತದೆ ಅಂತ. ಪ್ಯಾಂಟೊಪ್ರಜೋಲ್ ಹೊಟ್ಟೆಯ ಹುಣ್ಣನ್ನು ತಡೆಯುತ್ತದೆ, ನಿಜ. 65 ದಾಟಿದವರಿಗೆ, ಹಿಂದೆ ಅಲ್ಸರ್ ಆದವರಿಗೆ, ಆಸ್ಪಿರಿನ್ ಅಥವಾ ಸ್ಟೀರಾಯ್ಡ್ ತೆಗೆದುಕೊಳ್ಳುವವರಿಗೆ ಎನ್ಸೇಡ್ ಜೊತೆ ಅದು ಬೇಕೇ ಬೇಕು. ಬೆಳಗ್ಗೆ ತಿಂಡಿಗೆ ಅರ್ಧ ಗಂಟೆ ಮುಂಚೆ ತೆಗೆದುಕೊಂಡರೆ ಸರಿಯಾಗಿ ಕೆಲಸ ಮಾಡುತ್ತದೆ. ಆದರೆ ಅದು ಕಿಡ್ನಿಯನ್ನೂ ಕಾಯುವುದಿಲ್ಲ, ಹೃದಯವನ್ನೂ ಕಾಯುವುದಿಲ್ಲ. ನಾನು ಎನ್ಸೇಡ್ ನಡೆಯುವಷ್ಟು ದಿನ ಮಾತ್ರ ಅದನ್ನು ತೆಗೆದುಕೊಂಡು, ಅದರ ಜೊತೆಗೇ ನಿಲ್ಲಿಸುತ್ತೇನೆ.

ಟ್ರಮಡಾಲ್ ನನ್ನ ಹಾಳೆಯಲ್ಲಿ ಇಲ್ಲ, ಇರಬಾರದು ಅಂತಲೇ ನಾನೂ ಡಾಕ್ಟರೂ ತೀರ್ಮಾನ ಮಾಡಿದ್ದು. ತಲೆಸುತ್ತು, ವಾಕರಿಕೆ, ಮಲಬದ್ಧತೆ. ಮಳೆಗಾಲದಲ್ಲಿ ಪಾಚಿ ಕಟ್ಟಿದ ಮೆಟ್ಟಿಲು, ರಾತ್ರಿ ಕರೆಂಟು ಇಲ್ಲ, ಬಚ್ಚಲು ಮನೆಯ ಹೊರಗೆ. ಅಂಥ ಕಡೆ ತೂಕಡಿಕೆ ತರುವ ಮಾತ್ರೆ ಅಂದರೆ ತೊಡೆ ಮೂಳೆ ಮುರಿದುಕೊಳ್ಳಲು ದಾರಿ. ನಿದ್ದೆ ಮಾತ್ರೆ, ನರದ ನೋವಿಗೆ ಕೊಡುವ ಪ್ರಿಗಾಬಾಲಿನ್, ಗಾಬಾಪೆಂಟಿನ್, ಅಥವಾ ಮದ್ಯದ ಜೊತೆ ಸೇರಿದರೆ ಉಸಿರಾಟವೇ ನಿಧಾನ ಆಗಬಹುದು. ಖಿನ್ನತೆಗೆ ಎಸ್ಸಿಟಾಲೊಪ್ರಾಮ್, ಸರ್ಟ್ರಲಿನ್ ಥರದ್ದು ತೆಗೆದುಕೊಳ್ಳುವವರು ಅದನ್ನು ಹೇಳದೆ ಟ್ರಮಡಾಲ್ ತೆಗೆದುಕೊಳ್ಳಲೇಬಾರದು, ಮೈ ನಡುಕ, ಜ್ವರ, ಫಿಟ್ಸ್ ತನಕ ಹೋಗಬಹುದು. 2018ರಿಂದ ಅದು ಮಾದಕ ವಸ್ತುಗಳ ಕಾನೂನಿನ ಕೆಳಗೆ ಬಂದಿದೆ. ಚೀಟಿ ಇಲ್ಲದೆ ಕೊಡಿ ಅಂತ ಶಾಪಿನವರ ಜೊತೆ ಜಗಳ ಆಡಬೇಡಿ, ಅವರು ಇಲ್ಲ ಅನ್ನುವುದು ನಿಮ್ಮ ಒಳ್ಳೆಯದಕ್ಕೇ.

ನಮ್ಮ ಅಕ್ಕನದು ಬೇರೆ ಕಥೆ. ಅವಳಿಗೆ ರುಮಟಾಯ್ಡ್, ಕೈಬೆರಳ ಗಿಣ್ಣುಗಳೆಲ್ಲ ಬೆಳಗ್ಗೆ ಎದ್ದಾಗ ಬಿಗಿದುಕೊಂಡಿರುತ್ತಿದ್ದವು. ನನ್ನ ಥರ ಸವೆತ ಅಲ್ಲ ಅದು, ಮೈಯೇ ತನ್ನ ಕೀಲಿನ ಮೇಲೆ ತಿರುಗಿ ಬೀಳುವ ಕಾಯಿಲೆ. ನೋವಿನ ಮಾತ್ರೆ ಅಲ್ಲಿ ನೋವನ್ನು ಮರೆಮಾಚುತ್ತದೆ ಅಷ್ಟೇ, ಕೀಲು ಒಳಗೆ ಹಾಳಾಗುತ್ತಲೇ ಇರುತ್ತದೆ. ಅವಳಿಗೆ ಕೆಲಸ ಮಾಡಿದ್ದು ಮೆಥೊಟ್ರೆಕ್ಸೇಟ್. ಅದು ವಾರಕ್ಕೆ ಒಂದೇ ದಿನ. ದಿನಾ ತೆಗೆದುಕೊಂಡರೆ ಪ್ರಾಣಕ್ಕೇ ಅಪಾಯ, ಬಾಯಲ್ಲಿ ಹುಣ್ಣಾಗಿ ರಕ್ತದ ಕಣಗಳು ಬಿದ್ದು ಹೋಗುತ್ತವೆ. ಅದಕ್ಕೆ ಅವಳ ಮನೆಯಲ್ಲಿ ಆ ಮಾತ್ರೆಗೆ ಬೇರೆಯೇ ಡಬ್ಬಿ ಮಾಡಿ, ಮೇಲೆ 'ಸೋಮವಾರ ಮಾತ್ರ' ಅಂತ ದೊಡ್ಡದಾಗಿ ಬರೆದು, ದಿನದ ಮಾತ್ರೆಗಳಿಂದ ದೂರ ಇಟ್ಟಿದ್ದೇನೆ. ಫೋಲಿಕ್ ಆಸಿಡ್ ಬೇರೆ ದಿನ. ಎನ್ಸೇಡ್ ಮೆಥೊಟ್ರೆಕ್ಸೇಟನ್ನು ಮೈಯಲ್ಲಿ ಜಾಸ್ತಿ ಹೊತ್ತು ಉಳಿಸಬಹುದು, ಹಾಗಾಗಿ ಅವಳ ಡಾಕ್ಟರು ಬರೆದದ್ದನ್ನು ಬಿಟ್ಟು ಶಾಪಿನಿಂದ ಒಂದೂ ನೋವಿನ ಮಾತ್ರೆ ತರುವ ಹಾಗಿಲ್ಲ, ರಕ್ತ ಪರೀಕ್ಷೆ ತಪ್ಪಿಸುವ ಹಾಗಿಲ್ಲ. ಉರಿಮೂತ್ರ ಆದಾಗ ಕೊಡುವ ಕೋಟ್ರೈಮಾಕ್ಸಜೋಲ್ ಅನ್ನುವ ಸಲ್ಫಾ ಮಾತ್ರೆ ಮೆಥೊಟ್ರೆಕ್ಸೇಟ್ ಜೊತೆ ಸೇರಿದರೆ ಬಹಳ ಅಪಾಯ. ಈ ಒಂದು ಸಾಲನ್ನು ಅವಳ ಮೊಬೈಲಿನ ಕವರಿನ ಹಿಂದೆ ಬರೆದು ಅಂಟಿಸಿದ್ದೇನೆ.

ಭಾವನಿಗೆ ಹೃದಯದ ರಕ್ತನಾಳದಲ್ಲಿ ಸ್ಟೆಂಟ್ ಹಾಕಿದೆ, ರಕ್ತ ಹೆಪ್ಪುಗಟ್ಟದ ಹಾಗೆ ಎಕೋಸ್ಪ್ರಿನ್ 75 (ಅಂದರೆ ಆಸ್ಪಿರಿನ್) ಮತ್ತು ಕ್ಲೋಪಿಡೊಗ್ರೆಲ್ ನಡೆಯುತ್ತಿದೆ. ಅವರಿಗೂ ಭುಜ ನೋವು. ಹೃದಯಕ್ಕೆ ತೆಗೆದುಕೊಳ್ಳುವ ಸಣ್ಣ ಆಸ್ಪಿರಿನ್ ಕೆಲಸವನ್ನು ಐಬುಪ್ರೊಫೆನ್ ತಡೆಯಬಹುದು. ಬೇರೆ ಎನ್ಸೇಡ್ ಆದರೂ ಹೊಟ್ಟೆಯಲ್ಲಿ ರಕ್ತಸ್ರಾವದ ಭಯ, ಹೃದಯಕ್ಕೂ ಒಳ್ಳೆಯದಲ್ಲ. ಅವರಿಗೆ ಪ್ಯಾರಾಸಿಟಮಾಲ್, ಶಾಖ, ಭುಜದ ವ್ಯಾಯಾಮ, ಇಷ್ಟರಲ್ಲೇ ನಡೆಸುತ್ತಿದ್ದೇವೆ. ಒಂದೇ ಕುಟುಂಬದ ಮೂರು ಜನಕ್ಕೆ ಮೂರು ಬೇರೆ ಹಾಳೆ.

ಕೊಡಗಿನ ಮಳೆಗಾಲಕ್ಕೆ ನಾನು ಇಟ್ಟುಕೊಂಡ ನಿಯಮ ಒಂದಿದೆ. ಜ್ವರ ಬಂದರೆ ಎನ್ಸೇಡ್ ನಿಂತಿತು. ಡೆಂಗಿಯಲ್ಲಿ ಪ್ಲೇಟ್‌ಲೆಟ್ ಬೀಳುತ್ತದೆ, ಆಗ ಐಬುಪ್ರೊಫೆನ್, ಡೈಕ್ಲೋಫೆನಾಕ್, ಆಸ್ಪಿರಿನ್ ರಕ್ತಸ್ರಾವವನ್ನು ಜಾಸ್ತಿ ಮಾಡುತ್ತವೆ. ಇಲಿಜ್ವರ ನೇರವಾಗಿ ಕಿಡ್ನಿಗೇ ಬರುತ್ತದೆ, ಕೆಸರಿನಲ್ಲಿ, ನಿಂತ ನೀರಿನಲ್ಲಿ ಕೆಲಸ ಮಾಡುವವರಿಗೆ ಅದರ ಭಯ ಹೆಚ್ಚು. ಚಿಕೂನ್‌ಗುನ್ಯಾದಲ್ಲಿ ಕೀಲು ನೋವು ಜೋರಾಗಿರುತ್ತದೆ, ಆದರೂ ಡೆಂಗಿ ಅಲ್ಲ ಅಂತ ಪರೀಕ್ಷೆಯಲ್ಲಿ ಗೊತ್ತಾಗುವ ತನಕ ಪ್ಯಾರಾಸಿಟಮಾಲ್ ಬಿಟ್ಟು ಬೇರೆ ಬೇಡ. ಹೃದಯಕ್ಕೆ ಆಸ್ಪಿರಿನ್ ತೆಗೆದುಕೊಳ್ಳುವವರು ತಾವಾಗಿ ನಿಲ್ಲಿಸದೆ ಜ್ವರದ ದಿನವೇ ಡಾಕ್ಟರನ್ನು ಕೇಳಬೇಕು. ವಾಂತಿ ಭೇದಿ ಆದ ದಿನವೂ ಎನ್ಸೇಡ್ ಇಲ್ಲ. ನಮ್ಮ ತೋಟದ ಲೈನು ಮನೆಗಳಲ್ಲಿರುವ ಕೆಲಸದವರಿಗೂ ಜ್ವರ ಅಂದರೆ ಮೈಕೈ ನೋವಿಗೆ ಅಂತ ಎನ್ಸೇಡ್ ತೆಗೆದುಕೊಳ್ಳಬೇಡಿ ಅಂತ ಹೇಳಿಟ್ಟಿದ್ದೇನೆ. ಈಗ ಅವರೇ ಸ್ಟ್ರಿಪ್ ತಂದು ತೋರಿಸಿ ಕೇಳುತ್ತಾರೆ.

ಸಂತೆಯಲ್ಲಿ, ಬಸ್‌ಸ್ಟ್ಯಾಂಡ್ ಹತ್ತಿರ, ಹೆಸರಿಲ್ಲದ ಪೊಟ್ಟಣದಲ್ಲಿ ವಾತಕ್ಕೆ ಅಂತ ಮಾರುವ ಪುಡಿ, ಗುಳಿಗೆಗಳ ಬಗ್ಗೆ ನನಗೆ ಸಿಟ್ಟಿದೆ. ಎರಡು ದಿನಕ್ಕೆ ನೋವು ಮಾಯ ಆಯಿತು, ಹಸಿವು ಹೆಚ್ಚಿತು, ಮುಖ ದುಂಡಗಾಯಿತು, ಶುಗರ್ ಏರಿತು ಅಂದರೆ ಒಳಗೆ ಸ್ಟೀರಾಯ್ಡ್ ಇರುವ ಅನುಮಾನ ಪಡಬೇಕು. ಅದರ ಮೇಲೆ ಎನ್ಸೇಡ್ ನುಂಗಿದರೆ ಅಲ್ಸರ್ ಆಗುವ ಅಪಾಯ ಬಹಳ ಏರುತ್ತದೆ. ತಿಂಗಳುಗಟ್ಟಲೆ ತಿಂದಿದ್ದರೆ ಒಮ್ಮೆಲೇ ಬಿಡುವುದೂ ಅಪಾಯ, ಪೊಟ್ಟಣ ಹಿಡಿದುಕೊಂಡೇ ಡಾಕ್ಟರ ಹತ್ತಿರ ಹೋಗಬೇಕು. ಕಕ್ಕಡ ಅನ್ನುವ ಮಳೆಗಾಲದ ತಿಂಗಳ 18ನೇ ದಿನ ಕೊಡಗಿನಲ್ಲಿ ನಾವು ಮಾಡುವ ಮದ್ದು ಸೊಪ್ಪಿನ ಪಾಯಸದ ಮಾತು ಬೇರೆ, ಅದು ತಲೆಮಾರಿನಿಂದ ತಿಂದು ಬಂದದ್ದು. ಅದನ್ನು ತಿಂದ ಮೇಲೆ ಮೂತ್ರ ಕೆಂಪಾಗುತ್ತದೆ, ಅದಕ್ಕೆ ಹೆದರಬೇಕಿಲ್ಲ. ಪಾಯಸ ತಿನ್ನದ ದಿನ ಕೆಂಪಾದರೆ ತೋರಿಸಿಕೊಳ್ಳಬೇಕು.

ಹೆದರಬೇಕಾದ ಗುರುತುಗಳು ಬೇರೆ ಇವೆ. ಟಾರಿನ ಹಾಗೆ ಕಪ್ಪಾದ, ಅಂಟಂಟು ಮಲ. ಕಾಫಿ ಗಸಿಯಂಥ ವಾಂತಿ. ಮೂತ್ರ ಇದ್ದಕ್ಕಿದ್ದಂತೆ ಕಡಿಮೆ ಆಗುವುದು, ಕಾಲು ಮುಖ ಊದುವುದು, ಉಬ್ಬಸ, ಎದೆನೋವು, ಕಣ್ಣು ಹಳದಿ. ಇವುಗಳಲ್ಲಿ ಯಾವುದಾದರೂ ಕಂಡರೆ ನೋವಿನ ಮಾತ್ರೆ ನಿಲ್ಲಿಸಿ, ನಾಳೆ ನೋಡೋಣ ಅನ್ನದೆ, ಆ ರಾತ್ರಿಯೇ ಆಸ್ಪತ್ರೆಗೆ. ಕಬ್ಬಿಣದ ಮಾತ್ರೆ ತಿನ್ನುವವರಿಗೂ ಮಲ ಕಪ್ಪಾಗುತ್ತದೆ, ಆದರೆ ಯಾವುದರಿಂದ ಅಂತ ನೀವೇ ತೀರ್ಮಾನ ಮಾಡಬೇಡಿ.

ಮಾತ್ರೆ ಕಡಿಮೆಯಾದದ್ದು ಮಾತ್ರೆಯಿಂದಲ್ಲ. ತೊಡೆಯ ಸ್ನಾಯು ಗಟ್ಟಿ ಮಾಡುವ ವ್ಯಾಯಾಮವನ್ನು ಫಿಸಿಯೋಥೆರಪಿಯವರು ಕಲಿಸಿಕೊಟ್ಟರು. ಕುರ್ಚಿಯಲ್ಲಿ ಕೂತು ಕಾಲು ನೇರ ಚಾಚಿ ಹಿಡಿಯುವುದು, ಮಲಗಿ ಮಂಡಿಯ ಕೆಳಗೆ ಸುತ್ತಿದ ಟವೆಲ್ ಇಟ್ಟು ಒತ್ತುವುದು. ಮೊದಲ ವಾರಗಳಲ್ಲಿ ಏನೂ ಅನ್ನಿಸಲಿಲ್ಲ, ಆಮೇಲೆ ಏರು ಹತ್ತುವಾಗ ವ್ಯತ್ಯಾಸ ಗೊತ್ತಾಯಿತು. ತೂಕ ಒಂದು ಕಿಲೋ ಇಳಿದರೆ ಪ್ರತಿ ಹೆಜ್ಜೆಗೂ ಮಂಡಿಯ ಮೇಲಿನ ಭಾರ ನಾಲ್ಕು ಕಿಲೋದಷ್ಟು ಕಡಿಮೆಯಾಗುತ್ತದೆ. ಇಳಿಜಾರಿಗೆ ಎಡಗೈಯಲ್ಲಿ ಕೋಲು ಹಿಡಿಯುತ್ತೇನೆ, ನೋಯುವುದು ಬಲಮಂಡಿ ಆದ್ದರಿಂದ ಕೋಲು ಎಡಗೈಯಲ್ಲೇ ಇರಬೇಕು.

ಈಗಲೂ ಅದೇ ಹಾಳೆ ನಡೆಯುತ್ತಿದೆ, ಬದಲಾದಾಗಲೆಲ್ಲ ತಾರೀಕು ಹಾಕಿ ಹೊಸದು ಬರೆಯುತ್ತೇನೆ. ಹಲ್ಲಿನ ಡಾಕ್ಟರ ಹತ್ತಿರ ಹೋದರೂ ಅದನ್ನು ತೋರಿಸುತ್ತೇನೆ, ಅವರೂ ನೋವಿನ ಮಾತ್ರೆ ಬರೆಯುತ್ತಾರಲ್ವಾ. ಯಾರಾದರೂ "ನೀವು ತಗೊಳ್ಳೋ ಮಾತ್ರೆ ಹೆಸರು ಹೇಳಿ ಅಕ್ಕಾ" ಅಂದರೆ, ಮೊದಲು ಅವರ ಬಿಪಿ ಶುಗರ್ ಮಾತ್ರೆಗಳ ಸ್ಟ್ರಿಪ್ ತರಲು ಹೇಳುತ್ತೇನೆ. ಈ ಸಲ ಅರೇಬಿಕಾ ಹಣ್ಣಾಗುವ ಮುಂಚೆ ಕ್ರಿಯಾಟಿನಿನ್ ಮತ್ತೆ ನೋಡಬೇಕು ಅಂದಿದ್ದಾರೆ ಡಾಕ್ಟರು, ಆ ರಿಪೋರ್ಟ್ ನೋಡಿಯೇ ಈ ಕೊಯ್ಲಿಗೆ ನ್ಯಾಪ್ರಾಕ್ಸೆನ್ ಇರಬೇಕೋ ಬೇಡವೋ ಅಂತ ಹೇಳುತ್ತಾರೆ.